ಕಾರ್ಲೋಟಾ ಸಿಗಾಂಡಾ: ಮೇಜರ್ ಇಲ್ಲದಿದ್ದರೂ ಸ್ಪೇನಿನ ನಂಬರ್ ಒನ್ ಅನ್ನಬಹುದಾ?

ಹಸಿರುಹಾಸು
ಇಲ್ಲಿ ಗಾಲ್ಫ್ ನೋಡುವವರು ಎಷ್ಟು ಜನ ಇದ್ದೀರೋ ಗೊತ್ತಿಲ್ಲ. ಇದ್ದವರಿಗೆ ಒಂದು ಪ್ರಶ್ನೆ.

ಸ್ಪೇನಿನ ಕಾರ್ಲೋಟಾ ಸಿಗಾಂಡಾ 2025ರ ಜೂನ್‌ನಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಮೈಯರ್ ಎಲ್‌ಪಿಜಿಎ ಕ್ಲಾಸಿಕ್ ಗೆದ್ದರು. ಕೊನೆಯ ಎರಡೂ ಹೋಲ್‌ಗಳಲ್ಲಿ ಬರ್ಡಿ, ಅಂದ್ರೆ ನಿಗದಿಗಿಂತ ಒಂದು ಹೊಡೆತ ಕಮ್ಮಿ. ಕೊರಿಯಾದ ಚೋಯ್ ಹೇ-ಜಿನ್ ಒಂದೇ ಒಂದು ಹೊಡೆತದಿಂದ ಹಿಂದೆ ಬಿದ್ದರು. ಸಿಗಾಂಡಾಗೆ ಆಗ 35 ವರ್ಷ. ಅದಕ್ಕೂ ಮುಂಚೆ ಅವರು ಎಲ್‌ಪಿಜಿಎ ಟೂರ್ನಿ ಗೆದ್ದಿದ್ದು ಯಾವಾಗ ಗೊತ್ತಾ? 2016ರ ನವೆಂಬರ್. ಹೆಚ್ಚುಕಮ್ಮಿ ಒಂಬತ್ತು ವರ್ಷದ ಬರಗಾಲ.

ಆ ಗೆಲುವೂ ಸೇರಿ ಎಲ್‌ಪಿಜಿಎಯಲ್ಲಿ ಮೂರು. ಮೇಜರ್ ಒಂದೂ ಇಲ್ಲ. ಆದರೂ ಸ್ಪೇನ್ ಕಂಡ ಅತಿ ದೊಡ್ಡ ಮಹಿಳಾ ಗಾಲ್ಫರ್ ಇವರೇ ಅನ್ನೋದು ನನ್ನ ವಾದ. ಒಪ್ಪದವರು ಬನ್ನಿ, ಜಗಳ ಆಡೋಣ.

ಅಡ್ಡಗೋಡೆ
ನಾನು ಒಪ್ಪಲ್ಲ. ಮೂರು ಗೆಲುವು ಅಂದ್ರೆ ಬೆಯಾತ್ರಿಸ್ ರೆಕಾರಿ ಕೂಡ ಮೂರು ಗೆದ್ದಿದ್ದಾರೆ. 2010ರಲ್ಲಿ ಸಿವಿಎಸ್ ಚಾಲೆಂಜ್, 2013ರಲ್ಲಿ ಕಿಯಾ ಕ್ಲಾಸಿಕ್, ಅದೇ ವರ್ಷ ಮ್ಯಾರಥಾನ್ ಕ್ಲಾಸಿಕ್. ಇವರಿಗಿಂತ ಎಷ್ಟೋ ವರ್ಷ ಮೊದಲೇ ಮುಗಿಸಿದರು. ಮಜಾ ಅಂದ್ರೆ ಅವರೂ ಪಾಂಪ್ಲೋನಾದವರೇ. ಸ್ಪೇನ್ ಬಿಡಿ, ಮೊದಲು ಆ ಊರಿನ ನಂಬರ್ ಒನ್ ಯಾರು ಅಂತ ತೀರ್ಮಾನ ಆಗಲಿ.

ಇನ್ನು ಮಾರ್ತಾ ಫಿಗೇರಾಸ್-ದೋಟಿ ಇದ್ದಾರೆ. 1982ರಲ್ಲಿ ಮಹಿಳಾ ಬ್ರಿಟಿಷ್ ಓಪನ್ ಗೆದ್ದರು. ಅದೂ ಅಮೆಚೂರ್ ಆಗಿದ್ದಾಗ! ವೃತ್ತಿಪರರನ್ನೆಲ್ಲ ಹಿಂದೆ ಹಾಕಿ. ಅವರನ್ನು ಮರೆತು ಪಟ್ಟಿ ಮಾಡೋದು ಅನ್ಯಾಯ.

ಸಂಜೆಕಾಫಿ
ಗಾಲ್ಫ್ ಅಂದ್ರೆ ನನಗೆ ಗೊತ್ತಿರೋದು ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಮ್ಮ ಅದಿತಿ ಅಶೋಕ್ ನಾಲ್ಕನೇ ಸ್ಥಾನ ಬಂದ ದಿನ ಟಿವಿ ಮುಂದೆ ಕೂತು ಉಗುರು ಕಚ್ಚಿದ್ದು ಮಾತ್ರ. ದಡ್ಡ ಪ್ರಶ್ನೆ ಅನ್ನಬೇಡಿ, ಎಲ್‌ಪಿಜಿಎ ಅಂದ್ರೇನು? ಮೇಜರ್ ಅಂದ್ರೇನು? ಬ್ರಿಟಿಷ್ ಓಪನ್ ಮೇಜರ್ ಅಲ್ವಾ? ಹಾಗಿದ್ರೆ ಸ್ಪೇನಿಗೆ ಮೇಜರ್ ಬಂದಿದೆಯಲ್ಲ?

ಹಸಿರುಹಾಸು
@ಸಂಜೆಕಾಫಿ ದಡ್ಡ ಪ್ರಶ್ನೆ ಅಲ್ಲವೇ ಅಲ್ಲ. ಈ ಜಗಳದ ಬುಡವೇ ಅಲ್ಲಿದೆ.

ಎಲ್‌ಪಿಜಿಎ ಅಂದ್ರೆ ಅಮೆರಿಕದಲ್ಲಿ ನೆಲೆ ಇರುವ ಮಹಿಳಾ ಟೂರ್. ದುಡ್ಡೂ ಅಲ್ಲೇ ಜಾಸ್ತಿ, ಪೈಪೋಟಿಯೂ ಅಲ್ಲೇ ಜಾಸ್ತಿ. ಯುರೋಪಿನದು ಲೇಡೀಸ್ ಯುರೋಪಿಯನ್ ಟೂರ್, ಎಲ್ಲರೂ ಎಲ್‌ಇಟಿ ಅಂತಾರೆ. ಈಗ ವರ್ಷಕ್ಕೆ ಐದು ಮೇಜರ್: ಶೆವ್ರಾನ್, ಯುಎಸ್ ಓಪನ್, ಪಿಜಿಎ, ಎವಿಯಾನ್, ಮತ್ತು ಹಿಂದೆ ಬ್ರಿಟಿಷ್ ಓಪನ್ ಅಂತಿದ್ದ ವಿಮೆನ್ಸ್ ಓಪನ್.

ಆದರೆ ಬ್ರಿಟಿಷ್ ಓಪನ್‌ಗೆ ಮೇಜರ್ ಪಟ್ಟ ಸಿಕ್ಕಿದ್ದು 2001ರಲ್ಲಿ. ಮಾರ್ತಾ ಗೆದ್ದಿದ್ದು 1982ರಲ್ಲಿ. ಹಾಗಾಗಿ ದಾಖಲೆ ಪುಸ್ತಕದಲ್ಲಿ ಅದು ಮೇಜರ್ ಅಲ್ಲ.

ಅಡ್ಡಗೋಡೆ
ದಾಖಲೆ ಪುಸ್ತಕ ಏನಾದ್ರೂ ಹೇಳಲಿ ಸ್ವಾಮಿ. ಅಂಗಳ ಅದೇ, ಗಾಳಿ ಅದೇ, ಎದುರಾಳಿಗಳೂ ಕಮ್ಮಿಯವರಲ್ಲ. ಪಟ್ಟ ತಡವಾಗಿ ಬಂತು ಅಂತ ಗೆದ್ದವರ ಆಟ ಸಣ್ಣದಾಗುತ್ತಾ? ಮಾರ್ತಾ ಆಮೇಲೆ ಅಮೆರಿಕಕ್ಕೆ ಹೋದರು, 1994ರಲ್ಲಿ ಹವಾಯಿಯಲ್ಲಿ ಎಲ್‌ಪಿಜಿಎ ಟೂರ್ನಿಯನ್ನೂ ಗೆದ್ದರು. ಮುಂದಿನವರಿಗೆ ದಾರಿ ಮಾಡಿಕೊಟ್ಟವರು ಅವರು.

ಫೀನಿಕ್ಸ್‌ಕನ್ನಡತಿ
ಟ್ರೋಫಿ ಎಣಿಸೋದು ಆಮೇಲೆ. ಮೊದಲು ಸಿಗಾಂಡಾ ಎಲ್ಲಿಂದ ಬಂದರು ಅಂತ ನೋಡಿ. ನಾನಿರೋದು ಅರಿಜೋನಾದಲ್ಲಿ. ಅವರು ಓದಿದ್ದು ಇಲ್ಲಿನ ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯಲ್ಲಿ. ಹಾಗಾಗಿ ನಮಗೆ ಅವರು ಅರ್ಧ ಮನೆಮಗಳು.

ಹುಟ್ಟಿದ್ದು 1990ರ ಜೂನ್ 1, ಪಾಂಪ್ಲೋನಾದಲ್ಲಿ. ಆಟ ಕಲಿತಿದ್ದು ಊರಿಂದ ಸ್ವಲ್ಪ ಉತ್ತರಕ್ಕಿರುವ ಉಲ್ಸಾಮಾ ಅನ್ನೋ ಕ್ಲಬ್‌ನಲ್ಲಿ. 2004ರಲ್ಲಿ, 14ನೇ ವಯಸ್ಸಿಗೇ, ಯುರೋಪಿಯನ್ ಲೇಡೀಸ್ ಅಮೆಚೂರ್ ಗೆದ್ದರು. ನಮ್ಮಲ್ಲಿ ಆ ವಯಸ್ಸಿಗೆ ಮಕ್ಕಳನ್ನ ಟ್ಯೂಷನ್‌ಗೆ ಹಾಕಿ ಆಟ ಬಿಡಿಸ್ತೀವಿ. 2008ರಲ್ಲಿ ಅದನ್ನೇ ಮತ್ತೊಮ್ಮೆ ಗೆದ್ದರು. ಮಧ್ಯದಲ್ಲಿ, 2007ರಲ್ಲಿ, ಬ್ರಿಟಿಷ್ ಲೇಡೀಸ್ ಅಮೆಚೂರ್. ಫೈನಲ್‌ನಲ್ಲಿ ಸೋತವರು ಯಾರು ಅಂತೀರಿ? ಸ್ವೀಡನ್ನಿನ ಆನ್ನಾ ನಾರ್ಡ್‌ಕ್ವಿಸ್ಟ್.

ಆ ನಾರ್ಡ್‌ಕ್ವಿಸ್ಟ್ ಆಮೇಲೆ 2009, 2017, 2021ರಲ್ಲಿ ಮೂರು ಮೇಜರ್ ಗೆದ್ದರು. ಗೆದ್ದವರಿಗೆ ಒಂದೂ ಬರಲಿಲ್ಲ.

ಸಂಜೆಕಾಫಿ
ಅಯ್ಯೋ ಪಾಪ.

ಫೀನಿಕ್ಸ್‌ಕನ್ನಡತಿ
ಪಾಪ ಏನೂ ಇಲ್ಲ, ಮುಂದೆ ಕೇಳಿ. 2011ರಲ್ಲಿ ವೃತ್ತಿಪರರಾದರು. 2012ರಲ್ಲಿ ಎಲ್‌ಇಟಿಯಲ್ಲಿ ಮೊದಲ ಪೂರ್ತಿ ವರ್ಷ. ಒಮ್ಮೆ ನೆದರ್ಲೆಂಡ್ಸ್‌ನಲ್ಲಿ, ಒಮ್ಮೆ ಚೀನಾದ ಸುಝೋನಲ್ಲಿ ಗೆದ್ದು ಇಡೀ ಟೂರಿನ ಹಣದ ಪಟ್ಟಿಯಲ್ಲಿ ಮೊದಲಿಗರಾದರು. ಅದೇ ವರ್ಷದ ಅತ್ಯುತ್ತಮ ಹೊಸ ಆಟಗಾರ್ತಿಯೂ ಅವರೇ. ಎರಡನ್ನೂ ಒಂದೇ ವರ್ಷ ಬಾಚಿಕೊಂಡವರು ಅದಕ್ಕೂ ಮೊದಲು ಒಬ್ಬರೇ: 1985ರಲ್ಲಿ ಇಂಗ್ಲೆಂಡಿನ ಲಾರಾ ಡೇವಿಸ್. ಸಹ ಆಟಗಾರ್ತಿಯರು ಮತ ಹಾಕಿ ಕೊಡುವ ಪ್ರಶಸ್ತಿ ಕೂಡ ಇವರಿಗೇ ಹೋಯ್ತು.

ಚೆಂಡುಪ್ರಿಯ
ಗಾಲ್ಫ್ ಗೊತ್ತಿಲ್ಲ, ಫುಟ್‌ಬಾಲ್ ಗೊತ್ತು. ಈ ಹುಡುಗಿಯ ಚಿಕ್ಕಪ್ಪ ಹೋಸೆ ಆಂಖೆಲ್ ಸಿಗಾಂಡಾ. ಓಸಾಸುನಾ, ಅಥ್ಲೆಟಿಕ್ ಬಿಲ್ಬಾವೋ ಎರಡಕ್ಕೂ ಆಡಿದವರು, ಎರಡಕ್ಕೂ ಕೋಚ್ ಆಗಿದ್ದವರು. ಸ್ಟ್ರೈಕರ್. ಮನೆತನದಲ್ಲೇ ಆಟ ಇದೆ ಅನ್ನಿ. ಓಸಾಸುನಾ ಪಾಂಪ್ಲೋನಾದ ಕ್ಲಬ್. ಆ ಊರಲ್ಲಿ ಹುಟ್ಟಿ ಗಾಲ್ಫ್ ಹಿಡಿದಿದ್ದೇ ದೊಡ್ಡ ಸಾಹಸ.

ಹಸಿರುಹಾಸು
@ಚೆಂಡುಪ್ರಿಯ ಸಾಹಸ ಅಂತ ಅನಿಸುತ್ತೆ, ಆದರೆ ಸ್ಪೇನಿನ ನಕ್ಷೆ ತೆಗೆದು ನೋಡಿ. ಪ್ರವಾಸಿಗಳಿಗೆ ಗಾಲ್ಫ್ ಅಂದ್ರೆ ದಕ್ಷಿಣದ ಕೋಸ್ಟಾ ದೆಲ್ ಸೋಲ್, ಬಿಸಿಲು, ಮಲಾಗಾ, ಮಾರ್ಬೆಯಾ. ಆಟಗಾರರು ಬಂದಿದ್ದು ಮಾತ್ರ ಮಳೆ ಸುರಿಯುವ ಉತ್ತರದಿಂದ. ಸೆವೆ ಬಯೆಸ್ತೆರೋಸ್ ಪೆಡ್ರೆನ್ಯಾದವರು. ಓಲಾಸಾಬಲ್ ಒಂಡರ್ರಿಬಿಯಾದವರು. ಯೋನ್ ರಾಮ್ ಬಾರ್ರಿಕಾದವರು, ಅವರೂ ಅರಿಜೋನಾ ಸ್ಟೇಟ್‌ನಲ್ಲೇ ಓದಿದ್ದು. ಈಗ ಪಾಂಪ್ಲೋನಾದ ಸಿಗಾಂಡಾ ಮತ್ತು ರೆಕಾರಿಯನ್ನ ಸೇರಿಸಿ. ಸೆರ್ಖಿಯೋ ಗಾರ್ಸಿಯಾ, ಅಸಹಾರಾ ಮುನ್ಯೋಸ್ ಬಿಟ್ಟರೆ ದೊಡ್ಡ ಹೆಸರುಗಳು ಬಹುಪಾಲು ಮೇಲಿನ ಕಡೆಯವೇ.

ಅಡ್ಡಗೋಡೆ
ಮುನ್ಯೋಸ್ ಹೆಸರು ತೆಗೆದಿದ್ದು ಒಳ್ಳೆಯದಾಯ್ತು. ಮಲಾಗಾ ಕಡೆಯ ಹುಡುಗಿ, ಅವರೂ ಅರಿಜೋನಾ ಸ್ಟೇಟ್. 2008ರಲ್ಲಿ ಅಮೆರಿಕದ ಕಾಲೇಜು ಚಾಂಪಿಯನ್, 2010ರಲ್ಲಿ ಎಲ್‌ಪಿಜಿಎಯ ಅತ್ಯುತ್ತಮ ಹೊಸ ಆಟಗಾರ್ತಿ, 2012ರಲ್ಲಿ ಸೈಬೇಸ್ ಮ್ಯಾಚ್ ಪ್ಲೇ ವಿಜೇತೆ. 2016, 2017 ಎರಡೂ ವರ್ಷ ಸ್ಪ್ಯಾನಿಷ್ ಓಪನ್ ಗೆದ್ದರು. ರಿಯೋ, ಟೋಕಿಯೋ, ಪ್ಯಾರಿಸ್ ಮೂರೂ ಒಲಿಂಪಿಕ್ಸ್‌ಗೆ ಸಿಗಾಂಡಾ ಜೊತೆ ಹೋದವರು ಇವರೇ. ಇವರನ್ನ ಯಾಕೆ ಎರಡನೇ ಸಾಲಿಗೆ ತಳ್ತೀರಿ?

ಹಸಿರುಹಾಸು
ತಳ್ಳಿಲ್ಲ. 2014ರಲ್ಲಿ ಮೇರಿಲ್ಯಾಂಡ್‌ನಲ್ಲಿ ಮೊದಲ ಇಂಟರ್‌ನ್ಯಾಷನಲ್ ಕ್ರೌನ್ ಗೆದ್ದ ಸ್ಪೇನ್ ತಂಡದಲ್ಲಿ ನಾಲ್ಕು ಜನ: ಸಿಗಾಂಡಾ, ಮುನ್ಯೋಸ್, ರೆಕಾರಿ, ಬೆಲೆನ್ ಮೋಸೋ. ದೇಶ ದೇಶಗಳ ತಂಡ ಪೈಪೋಟಿ ಅದು. ಕೊರಿಯಾ, ಅಮೆರಿಕ ಗೆಲ್ಲುತ್ತೆ ಅಂತ ಎಲ್ಲರೂ ಕಾದಿದ್ದರು. ಗೆದ್ದಿದ್ದು ಸ್ಪೇನ್. ನನಗೆ ಕೇಳಿದರೆ ಸ್ಪೇನಿನ ಮಹಿಳಾ ಗಾಲ್ಫ್‌ನ ಅತಿ ದೊಡ್ಡ ವಾರ ಅದೇ. ಆ ನಾಲ್ವರಲ್ಲಿ ದಶಕದ ನಂತರವೂ ಎಲ್‌ಪಿಜಿಎಯಲ್ಲಿ ಗೆದ್ದವರು ಸಿಗಾಂಡಾ ಮಾತ್ರ. ನನ್ನ ವಾದ ನಿಂತಿರೋದು ಅದರ ಮೇಲೆ.

ಮೈಸೂರ್‌ಪಾಕ್
ಅದಿರಲಿ, ಯಾರೂ ಸೋಲ್‌ಹೈಮ್ ಕಪ್ ಬಗ್ಗೆ ಬಾಯಿ ಬಿಡ್ತಿಲ್ಲವಲ್ಲ? ಸಿಗಾಂಡಾ ಅಂದ್ರೆ ನನಗೆ ಸೋಲ್‌ಹೈಮ್ ಕಪ್ಪೇ. ಉಳಿದಿದ್ದೆಲ್ಲ ಪಕ್ಕವಾದ್ಯ.

ಸಂಜೆಕಾಫಿ
ಅದನ್ನೂ ಬಿಡಿಸಿ ಹೇಳಿ ಮೇಡಂ, ಹೇಗೂ ಇವತ್ತು ಕ್ಲಾಸ್ ನಡೀತಿದೆ.

ಮೈಸೂರ್‌ಪಾಕ್
ಹೇಳ್ತೀನಿ. ಯುರೋಪ್ ಮತ್ತು ಅಮೆರಿಕದ ಮಹಿಳೆಯರ ತಂಡ ಪಂದ್ಯ. ತಂಡಕ್ಕೆ ಹನ್ನೆರಡು ಜನ. ಗಂಡಸರ ರೈಡರ್ ಕಪ್ ಇದೆಯಲ್ಲ, ಅದೇ ಥರ. ಮೂರು ದಿನ, 28 ಪಾಯಿಂಟ್. ಮೊದಲ ಎರಡು ದಿನ ಜೋಡಿ ಆಟ, ಕೊನೆಯ ದಿನ ಹನ್ನೆರಡು ಸಿಂಗಲ್ಸ್. ಎಲ್ಲ ಮ್ಯಾಚ್ ಪ್ಲೇ. ಅಂದ್ರೆ ಒಟ್ಟು ಹೊಡೆತ ಎಣಿಸಲ್ಲ, ಯಾರು ಎಷ್ಟು ಹೋಲ್ ಗೆದ್ದರು ಅಂತ ಲೆಕ್ಕ. ಒಂದು ಹೋಲ್‌ನಲ್ಲಿ ಹತ್ತು ಹೊಡೆದರೂ ಹೋಗೋದು ಆ ಒಂದು ಹೋಲ್ ಮಾತ್ರ.

ಸಿಗಾಂಡಾ 2013ರಿಂದ 2024ರವರೆಗೆ ಏಳು ಸಲ ಆಡಿದ್ದಾರೆ, ಮಧ್ಯೆ ಒಂದನ್ನೂ ಬಿಡದೆ. 2013ರಲ್ಲಿ ಕೊಲೊರಾಡೋದಲ್ಲಿ ಮೊದಲ ಸಲ. ಮೂರು ಪಂದ್ಯ, ಮೂರೂ ಗೆಲುವು. ಯುರೋಪ್ 18-10ರಿಂದ ಗೆದ್ದಿತು, ಅಮೆರಿಕದ ನೆಲದಲ್ಲಿ ಮೊದಲ ಸಲ. ಆ ಸಲವೇ ಒಂದು ದೊಡ್ಡ ರಂಪವೂ ಆಯ್ತು. 15ನೇ ಹೋಲ್‌ನಲ್ಲಿ ಸಿಗಾಂಡಾ ಚೆಂಡು ಹಜಾರ್ಡ್‌ಗೆ, ಅಂದ್ರೆ ಅಂಗಳದ ಅಡ್ಡಿ ಜಾಗಕ್ಕೆ, ಹೋಯ್ತು. ಚೆಂಡನ್ನ ಎಲ್ಲಿ ಡ್ರಾಪ್ ಮಾಡಬೇಕು (ಕೈಯಿಂದ ಬಿಟ್ಟು ಮತ್ತೆ ಆಡಬೇಕು) ಅಂತ ರೆಫ್ರಿಗಳ ಚರ್ಚೆ ಮುಗಿಯೋದೇ ಇಲ್ಲ. ಅಮೆರಿಕದವರು ಕಾಯ್ತಾ ನಿಂತರು. ಕೊನೆಗೆ ಕೊಟ್ಟ ತೀರ್ಪು ತಪ್ಪು ಅಂತ ಆಮೇಲೆ ಅಧಿಕಾರಿಗಳೇ ಹೇಳಿದರು. ಆದರೆ ಸಿಗಾಂಡಾ ಅಷ್ಟು ಹೊತ್ತು ನಿಂತ ಮೇಲೂ ಉದ್ದದ ಪಟ್ (ತೂತಿನತ್ತ ಚೆಂಡು ಉರುಳಿಸುವ ಹೊಡೆತ) ಹಾಕಿ ಆ ಹೋಲ್ ಸಮ ಮಾಡಿದರು. ಆಗ 23 ವರ್ಷ, ಮೊದಲ ಸೋಲ್‌ಹೈಮ್! ನಾನಾಗಿದ್ರೆ ಕೈ ನಡುಗಿ ಪಟರ್ ಬೀಳಿಸ್ತಿದ್ದೆ.

ಅಡ್ಡಗೋಡೆ
ತಪ್ಪು ತೀರ್ಪಿನಿಂದ ಲಾಭ ಆಗಿದ್ದನ್ನ ಹೊಗಳ್ತಿದ್ದೀರಿ.

ಮೈಸೂರ್‌ಪಾಕ್
ತೀರ್ಪು ಕೊಟ್ಟಿದ್ದು ಅವರಲ್ಲ. ಪಟ್ ಹಾಕಿದ್ದು ಅವರು.

ಈಗ 2023ಕ್ಕೆ ಬನ್ನಿ. ಸೋಲ್‌ಹೈಮ್ ಕಪ್ ಮೊದಲ ಸಲ ಸ್ಪೇನಿಗೆ ಬಂತು. ಮಲಾಗಾ ಪ್ರಾಂತದ ಕಸಾರೆಸ್ ಹತ್ತಿರ ಫಿಂಕಾ ಕೊರ್ತೆಸಿನ್. ಹನ್ನೆರಡು ಜನರ ತಂಡದಲ್ಲಿ ಸ್ಪೇನಿನವರು ಇವರೊಬ್ಬರೇ. ಮೊದಲ ದಿನ ಬೆಳಗ್ಗೆ ನಾಯಕಿ ಸುಝಾನ್ ಪೆಟರ್ಸನ್ ಇವರನ್ನ ಆಡಿಸಲೇ ಇಲ್ಲ. ಆ ಹೊತ್ತಿನ ನಾಲ್ಕೂ ಪಂದ್ಯ ಯುರೋಪ್ ಸೋತಿತು. 0-4. ಮನೆ ಅಂಗಳದಲ್ಲಿ, ಮನೆ ಜನದ ಮುಂದೆ.

ಆಮೇಲೆ ಇವರು ಇಳಿದ ಪ್ರತಿ ಪಂದ್ಯವೂ ಗೆಲುವು. ಎರಡು ದಿನ ಮುಗಿದಾಗ 8-8. ಕಪ್ ಯುರೋಪಿನ ಕೈಯಲ್ಲೇ ಇದ್ದಿದ್ದರಿಂದ ಅದನ್ನ ಉಳಿಸಿಕೊಳ್ಳೋಕೆ 14 ಪಾಯಿಂಟ್ ಸಾಕು. ಭಾನುವಾರದ ಸಿಂಗಲ್ಸ್‌ನಲ್ಲಿ ಇವರಿಗೆ ಎದುರಾಗಿದ್ದು ಟೋಕಿಯೋದ ಚಿನ್ನದ ಹುಡುಗಿ ನೆಲ್ಲಿ ಕೊರ್ಡಾ. ಸ್ಪೇನಿನ ರಾಜ ಆರನೇ ಫೆಲಿಪೆ ಅಂಚಿನಲ್ಲಿ ನಿಂತು ನೋಡ್ತಿದ್ದಾರೆ. 16ರಲ್ಲಿ ಬರ್ಡಿ. 17 ಪಾರ್-3, ಅಂದ್ರೆ ಮೂರು ಹೊಡೆತದ ಹೋಲ್. ಅಲ್ಲಿ ಟೀಯಿಂದ (ಹೋಲ್ ಶುರುವಾಗುವ ಜಾಗ) ಹೊಡೆದ ಚೆಂಡು ಕಂಬದ ಪಕ್ಕಕ್ಕೇ ಬಂದು ಕೂತಿತು. ಮತ್ತೆ ಬರ್ಡಿ. 2 ಮತ್ತು 1ರಿಂದ ಗೆಲುವು, ಅಂದ್ರೆ ಒಂದೇ ಹೋಲ್ ಉಳಿದಿರುವಾಗ ಎರಡು ಹೋಲ್ ಮುಂದೆ. ಅದೇ 14ನೇ ಪಾಯಿಂಟ್! ಕೊನೆಯ ಪಂದ್ಯ ಅಮೆರಿಕದ ಲೆಕ್ಸಿ ಥಾಂಪ್ಸನ್ ಗೆದ್ದು 14-14 ಆಯ್ತು. ಸೋಲ್‌ಹೈಮ್ ಕಪ್ ಟೈ ಆಗಿದ್ದು ಅದೇ ಮೊದಲು. ಕಪ್ ಯುರೋಪಿನಲ್ಲೇ ಉಳಿಯಿತು. ಆ ವಾರ ಸಿಗಾಂಡಾ ಲೆಕ್ಕ: ನಾಲ್ಕು ಪಂದ್ಯ, ನಾಲ್ಕು ಗೆಲುವು.

ಈಗ ಹೇಳಿ, ಎಷ್ಟು ಸಾಮಾನ್ಯ ಟೂರ್ನಿ ಗೆದ್ದರೆ ಆ ಒಂದು ಮಧ್ಯಾಹ್ನಕ್ಕೆ ಸಮ?

ಸಂಜೆಕಾಫಿ
ಓದಿದ್ರೇ ರೋಮ ನಿಮಿರುತ್ತೆ. ಹಳೇ ವಿಡಿಯೋ ಹುಡುಕ್ತಿದ್ದೀನಿ.

ರೂಲ್‌ಬುಕ್‌ರಾಯ
ಮೈಸೂರ್‌ಪಾಕ್ ಮೇಡಂ ಒಳ್ಳೆ ಅರ್ಧ ಹೇಳಿದರು. ಇನ್ನರ್ಧ ನಾನು ಹೇಳ್ತೀನಿ. ಅದೇ 2023, ಅದಕ್ಕೂ ಎರಡೇ ತಿಂಗಳ ಹಿಂದೆ, ಜುಲೈನಲ್ಲಿ ಎವಿಯಾನ್ ಚಾಂಪಿಯನ್‌ಶಿಪ್. ಮೇಜರ್. ಅಲ್ಲಿಂದ ಸಿಗಾಂಡಾ ಅನರ್ಹರಾಗಿ ಹೊರಗೆ ಹೋದರು. ಯಾಕೆ? ನಿಧಾನ ಆಟಕ್ಕೆ ಎರಡು ಹೊಡೆತದ ದಂಡ ಹಾಕಿದರು. ಮೇಲ್ಮನವಿ ಮಾಡಿದರು, ತಿರಸ್ಕರಿಸಿದರು. ದಂಡ ಖಾಯಂ ಅಂತ ಗೊತ್ತಿದ್ದೂ ಅದನ್ನ ಸೇರಿಸದೆ ಸ್ಕೋರ್‌ಕಾರ್ಡ್‌ಗೆ ಸಹಿ ಹಾಕಿ ಹೊರಟುಬಿಟ್ಟರು.

ಗಾಲ್ಫ್‌ನಲ್ಲಿ ಇರುವುದಕ್ಕಿಂತ ಕಮ್ಮಿ ಸ್ಕೋರ್‌ಗೆ ಸಹಿ ಹಾಕಿದರೆ ಅನರ್ಹತೆ. ದಂಡ ಬಿದ್ದಿದೆ ಅಂತ ಆಟಗಾರರಿಗೆ ಗೊತ್ತೇ ಇರಲಿಲ್ಲ ಅಂದ್ರೆ ರಿಯಾಯಿತಿ ಇದೆ. ಇಲ್ಲಿ ಗೊತ್ತಿತ್ತು. ವಾದ ಮುಗೀತು.

ಸ್ಪೇನಿನ ನಂಬರ್ ಒನ್ ಅನ್ನೋರು ಇದನ್ನೂ ಪಟ್ಟಿಯಲ್ಲಿ ಬರೀಬೇಕು. ನಿಧಾನ ಆಟ ಅಂದ್ರೆ ಹಿಂದಿನ ಗುಂಪು, ಅದರ ಹಿಂದಿನ ಗುಂಪು, ಎಲ್ಲರ ಹೊತ್ತು ತಿನ್ನೋದು.

ಹಸಿರುಹಾಸು
@ರೂಲ್‌ಬುಕ್‌ರಾಯ ನಿಯಮದ ಮಾತು ಒಪ್ಪಿದೆ. ಸಹಿ ವಿಷಯದಲ್ಲಿ ಬೇರೆ ದಾರಿ ಇರಲಿಲ್ಲ. ಆದರೆ ನಿಧಾನ ಆಟ ಇವರೊಬ್ಬರ ರೋಗ ಅಲ್ಲ, ಇಡೀ ಮಹಿಳಾ ಟೂರಿನ ತಲೆನೋವು. ಎಲ್‌ಪಿಜಿಎ ನಿಯಮವನ್ನೇ 2025ರಲ್ಲಿ ಬಿಗಿ ಮಾಡಿತು. ಕೊಟ್ಟ ಸಮಯಕ್ಕಿಂತ 5 ಸೆಕೆಂಡ್‌ವರೆಗೆ ಜಾಸ್ತಿ ಆದರೆ ದುಡ್ಡಿನ ದಂಡ, 6ರಿಂದ 15 ಸೆಕೆಂಡ್ ಆದರೆ ಒಂದು ಹೊಡೆತ, 15 ದಾಟಿದರೆ ಎರಡು. ಒಬ್ಬರಿಗಾಗಿ ಯಾರೂ ಇಂಥ ನಿಯಮ ಮಾಡಲ್ಲ.

ಇನ್ನೊಂದು. ಆ ಬಿಗಿ ನಿಯಮ ಬಂದ ವರ್ಷವೇ ಸಿಗಾಂಡಾ ಮಿಷಿಗನ್‌ನಲ್ಲಿ ಗೆದ್ದಿದ್ದು.

ರೂಲ್‌ಬುಕ್‌ರಾಯ
ಹಾಗಾದ್ರೆ ಗಡಿಯಾರ ಅವರಿಗೆ ಒಳ್ಳೆಯದೇ ಮಾಡಿತು ಅಂತಾಯ್ತು! 😄 ಅಡ್ಡಗೋಡೆ ಅವರು ಮುನ್ಯೋಸ್ ಬಗ್ಗೆ ಹೇಳಿದ ಸೈಬೇಸ್ ಮ್ಯಾಚ್ ಪ್ಲೇ ಇದೆಯಲ್ಲ, 2012ರದ್ದು? ಅದರ ಸೆಮಿಫೈನಲ್‌ನಲ್ಲೂ ಗಡಿಯಾರವೇ ಮುಖ್ಯ ಪಾತ್ರ. ಮಾರ್ಗನ್ ಪ್ರೆಸೆಲ್ 12ನೇ ಹೋಲ್ ಗೆದ್ದಿದ್ದರು. ನಿಧಾನ ಆಟ ಅಂತ ಆ ಹೋಲ್ ಅನ್ನೇ ಕಿತ್ತು ಮುನ್ಯೋಸ್‌ಗೆ ಕೊಟ್ಟರು. ಮುನ್ಯೋಸ್ ಪಂದ್ಯ ಗೆದ್ದರು, ಆಮೇಲೆ ಟ್ರೋಫಿಯೂ. ಗಡಿಯಾರ ಒಬ್ಬ ಸ್ಪ್ಯಾನಿಷ್ ಆಟಗಾರ್ತಿಗೆ ಕೊಟ್ಟಿತು, ಇನ್ನೊಬ್ಬರಿಂದ ಕಿತ್ತುಕೊಂಡಿತು.

ಗಿಡ್ಡಪಟ್
ಬೆಂಗಳೂರಲ್ಲಿ ವಾರಕ್ಕೊಮ್ಮೆ ಆಡುವವನು ನಾನು, ಹೇಳಿಕೊಳ್ಳುವಂಥ ಆಟ ಏನೂ ಇಲ್ಲ. ಆದರೆ ಆಟದ ಬಗ್ಗೆ ಒಂದು ಮಾತು. ಸಿಗಾಂಡಾ ಉದ್ದಕ್ಕೆ ಹೊಡೆಯುವವರು. ಧೈರ್ಯದ ಆಟ. ಬರ್ಡಿ ಜಾಸ್ತಿ, ಜೊತೆಗೆ ಬೋಗಿಯೂ (ನಿಗದಿಗಿಂತ ಒಂದು ಹೊಡೆತ ಜಾಸ್ತಿ) ಬರುತ್ತೆ. ಮ್ಯಾಚ್ ಪ್ಲೇಗೆ ಇದು ಹೇಳಿ ಮಾಡಿಸಿದ್ದು. ಒಂದು ಹೋಲ್ ಕೆಟ್ಟರೆ ಒಂದೇ ಹೋಲ್ ಹೋಯ್ತು, ಮುಂದಿನ ಟೀಗೆ ಹೊಸ ಲೆಕ್ಕ. ಆದರೆ ವಾರದ ಟೂರ್ನಿ ಅಂದ್ರೆ ಸಾಮಾನ್ಯವಾಗಿ ನಾಲ್ಕು ದಿನ, 72 ಹೋಲ್. ಅಲ್ಲಿ ಗುರುವಾರದ ಡಬಲ್ ಬೋಗಿ ಭಾನುವಾರದವರೆಗೂ ಬೆನ್ನು ಬಿಡಲ್ಲ.

ಸೋಲ್‌ಹೈಮ್‌ನಲ್ಲಿ ಹುಲಿ, ಟೂರಿನಲ್ಲಿ ಒಂಬತ್ತು ವರ್ಷ ಕಾಯೋ ಹಾಗಾಯ್ತು ಅನ್ನೋದಕ್ಕೆ ನನಗೆ ಕಾಣೋ ಕಾರಣ ಇದೇ. ಅದೃಷ್ಟ ಅನ್ನೋದೆಲ್ಲ ಆಮೇಲೆ.

ಮೈಸೂರ್‌ಪಾಕ್
ಒಳ್ಳೆ ಮಾತು. ಆದರೆ 'ಒಂಬತ್ತು ವರ್ಷ ಕಾದರು' ಅಂತ ಎಲ್ಲರೂ ಹೇಳ್ತಿದ್ದೀರಿ, ಅದು ಎಲ್‌ಪಿಜಿಎಯಲ್ಲಿ ಮಾತ್ರ. ಯುರೋಪಿನಲ್ಲಿ ಆ ಹೊತ್ತಿಗೆ ಗೆಲ್ತಾನೇ ಇದ್ದರು. 2021ರಲ್ಲಿ ಸ್ಪ್ಯಾನಿಷ್ ಓಪನ್, 2024ರಲ್ಲಿ ಮತ್ತೆ ಸ್ಪ್ಯಾನಿಷ್ ಓಪನ್. ಈಗ ಅದರ ಪೂರ್ತಿ ಹೆಸರು ಆಂಡಲೂಸಿಯಾ ಕೋಸ್ಟಾ ದೆಲ್ ಸೋಲ್ ಓಪನ್ ದೆ ಎಸ್ಪಾನ್ಯಾ, ಉಸಿರು ಕಟ್ಟುತ್ತೆ. ಸ್ವಂತ ದೇಶದ ಓಪನ್ ಎರಡು ಸಲ ಗೆದ್ದವರನ್ನ 'ಬರಗಾಲ' ಅಂತೀರಾ?

ಅಡ್ಡಗೋಡೆ
ಎಲ್‌ಇಟಿ ಗೆಲುವು ಎಲ್‌ಪಿಜಿಎ ಗೆಲುವಿಗೆ ಸಮ ಅಲ್ಲ ಮೇಡಂ. ನೀವೇ ಪೈಪೋಟಿ ಅಮೆರಿಕದಲ್ಲೇ ಜಾಸ್ತಿ ಅಂದ್ರಿ.

ಮೈಸೂರ್‌ಪಾಕ್
ನಾನಲ್ಲ, ಹಸಿರುಹಾಸು ಅಂದಿದ್ದು.

ಹಸಿರುಹಾಸು
ಹೌದು ನಾನೇ ಅಂದಿದ್ದು, ಈಗಲೂ ಅಂತೀನಿ. 2016ರ ಎರಡು ಗೆಲುವಿಗೆ ತೂಕ ಜಾಸ್ತಿ. ಅಕ್ಟೋಬರ್‌ನಲ್ಲಿ ಕೊರಿಯಾದ ಇಂಚಿಯಾನ್‌ನಲ್ಲಿ ಕೆಇಬಿ ಹಾನಾ ಬ್ಯಾಂಕ್ ಚಾಂಪಿಯನ್‌ಶಿಪ್, ಪ್ಲೇಆಫ್‌ನಲ್ಲಿ (ಸ್ಕೋರ್ ಸಮ ಆದಾಗ ಆಡುವ ಹೆಚ್ಚುವರಿ ಹೋಲ್) ಆಲಿಸನ್ ಲೀಯನ್ನ ಸೋಲಿಸಿ. ಕೊರಿಯಾದವರ ಮನೆಯಂಗಳದಲ್ಲಿ ಗೆಲ್ಲೋದು ಅಂದ್ರೆ ಸುಮ್ನೆ ಅಲ್ಲ. ಮುಂದಿನ ತಿಂಗಳೇ ಮೆಕ್ಸಿಕೋ ಸಿಟಿಯಲ್ಲಿ ಲೊರೇನಾ ಒಚೋವಾ ಇನ್ವಿಟೇಷನಲ್. ಆ ಎರಡು ತಿಂಗಳು ನೋಡಿದವರೆಲ್ಲ ಮುಂದಿನ ವರ್ಷ ಮೇಜರ್ ಗ್ಯಾರಂಟಿ ಅಂದುಕೊಂಡಿದ್ದರು.

ಸಂಜೆಕಾಫಿ
ಸ್ಪ್ಯಾನಿಷ್ ಓಪನ್ ಅಂದ್ರಲ್ಲ, ಅದನ್ನ ನಮ್ಮ ಅದಿತಿ ಗೆದ್ದಿದ್ದು ಅಂತ ಎಲ್ಲೋ ಓದಿದ ನೆನಪು?

ಗಿಡ್ಡಪಟ್
ಸರಿಯಾಗೇ ಓದಿದ್ದೀರಿ. 2023ರ ನವೆಂಬರ್, ಮಾರ್ಬೆಯಾದ ಲಾಸ್ ಬ್ರಿಸಾಸ್. ಪಟ್ಟಿ ನೋಡಿ: 2021 ಸಿಗಾಂಡಾ, 2022 ಸ್ವೀಡನ್ನಿನ ಕ್ಯಾರೋಲಿನ್ ಹೆಡ್‌ವಾಲ್, 2023 ಅದಿತಿ ಅಶೋಕ್, 2024 ಮತ್ತೆ ಸಿಗಾಂಡಾ. ಅದೇ 2023ರ ಶುರುವಿನಲ್ಲಿ ಅದಿತಿ ಕೀನ್ಯಾದಲ್ಲೂ ಗೆದ್ದಿದ್ದರು. ಬೆಂಗಳೂರಿನ ಕೆಜಿಎ (ಕರ್ನಾಟಕ ಗಾಲ್ಫ್ ಅಸೋಸಿಯೇಷನ್) ಅಂಗಳದಲ್ಲಿ ಆಡಿ ಬೆಳೆದ ಹುಡುಗಿಯ ಹೆಸರು ಸ್ಪೇನಿನ ಟ್ರೋಫಿಯ ಮೇಲಿದೆ ಅನ್ನೋದು ನಮ್ಮ ಊರಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಇಬ್ಬರ ಆಟ ಮಾತ್ರ ಪೂರ್ತಿ ಉಲ್ಟಾ. ಸಿಗಾಂಡಾ ಉದ್ದ ಹೊಡೆತ. ಅದಿತಿ ಹೊಡೆತ ಗಿಡ್ಡ, ಆದರೆ ಗ್ರೀನ್ (ತೂತಿನ ಸುತ್ತಲಿನ ನುಣುಪು ಹುಲ್ಲು) ಹತ್ತಿರ ಬಂದ ಮೇಲೆ ಅವರನ್ನ ಹಿಡಿಯೋದು ಕಷ್ಟ. ಟೋಕಿಯೋದಲ್ಲಿ ಪದಕ ತಪ್ಪಿದ್ದು ಒಂದೇ ಹೊಡೆತದಿಂದ. 2023ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಎಲ್‌ಪಿಜಿಎ ಪ್ಲೇಆಫ್‌ವರೆಗೂ ಹೋಗಿ ಹನ್ನಾ ಗ್ರೀನ್‌ಗೆ ಸೋತರು.

ಚೆಂಡುಪ್ರಿಯ
ಅದಿತಿ ಸೋಲ್‌ಹೈಮ್ ಕಪ್ ಆಡಬಹುದಾ? ಯುರೋಪಿನ ಟೂರಿನಲ್ಲಿ ಆಡ್ತಾರಲ್ಲ?

ಮೈಸೂರ್‌ಪಾಕ್
ಆಗಲ್ಲ. ಟೂರಿನ ಸದಸ್ಯರಾದರೆ ಸಾಲದು, ಯುರೋಪಿನವರೇ ಆಗಿರಬೇಕು. ನಮ್ಮ ಮೈಸೂರಿನ ಪ್ರಣವಿ ಅರಸ್ ಕೂಡ ಎಲ್‌ಇಟಿಯಲ್ಲಿ ಆಡ್ತಿದ್ದಾರೆ, ಅವರಿಗೂ ಅದೇ ಕಥೆ. ಕೊರಿಯಾ, ಜಪಾನ್, ಥಾಯ್ಲೆಂಡ್‌ನವರೂ ಅಷ್ಟೇ, ಎಲ್ಲ ಹೊರಗೆ ನಿಂತು ನೋಡೋದು. ಮಹಿಳಾ ಗಾಲ್ಫ್‌ನ ಅತಿ ಒಳ್ಳೆಯ ವಾರದಲ್ಲಿ ಏಷ್ಯಾದವರೇ ಇಲ್ಲ ಅನ್ನೋದು ನನಗೆ ಯಾವಾಗಲೂ ಬೇಜಾರು.

ಫೀನಿಕ್ಸ್‌ಕನ್ನಡತಿ
ಸೋಲ್‌ಹೈಮ್ ಅಂದಾಗ ನೆನಪಾಯ್ತು. ಕಪ್‌ಗೆ ಹೆಸರು ಬಂದಿದ್ದು ಪಿಂಗ್ ಕಂಪನಿ ಕಟ್ಟಿದ ಕಾರ್ಸ್ಟನ್ ಸೋಲ್‌ಹೈಮ್ ಅವರಿಂದ. ಕಂಪನಿ ಇರೋದು ನಮ್ಮ ಫೀನಿಕ್ಸ್‌ನಲ್ಲೇ. 2024ರಲ್ಲಿ ವರ್ಜೀನಿಯಾದಲ್ಲಿ ಅಮೆರಿಕ 15½-12½ರಿಂದ ಗೆದ್ದು ಕಪ್ ವಾಪಸ್ ತಗೊಂಡಿತು. 2026ರದ್ದು ನೆದರ್ಲೆಂಡ್ಸ್‌ನ ಬರ್ನಾರ್ಡಸ್ ಅಂಗಳಕ್ಕೆ. ಯುರೋಪಿನ ನಾಯಕಿಯಾಗಿ ಆರಿಸಿದ್ದು ಯಾರನ್ನ ಹೇಳಿ ನೋಡೋಣ? ಆನ್ನಾ ನಾರ್ಡ್‌ಕ್ವಿಸ್ಟ್!

ಸಂಜೆಕಾಫಿ
2007ರಲ್ಲಿ ಸೋತವರೇ ಈಗ ತಂಡ ಆರಿಸೋರು? ಸಿನಿಮಾ ಥರ ಇದೆ.

ಫೀನಿಕ್ಸ್‌ಕನ್ನಡತಿ
ಹಾಗೇನಿಲ್ಲ, ಇಬ್ಬರೂ ಎಷ್ಟೋ ವರ್ಷ ಒಂದೇ ತಂಡದಲ್ಲಿ ಆಡಿದವರು. ಪಾಯಿಂಟ್ ಪಟ್ಟಿ, ವಿಶ್ವ ರ‍್ಯಾಂಕಿಂಗ್ ಮೂಲಕ ಕೆಲವರು ತಾವಾಗೇ ಬರ್ತಾರೆ. ಉಳಿದ ಜಾಗಗಳಿಗೆ ಮಾತ್ರ ನಾಯಕಿಯ ಆಯ್ಕೆ.

ಅಡ್ಡಗೋಡೆ
ಸರಿ. ಸೋಲ್‌ಹೈಮ್ ಕಪ್ ಮಟ್ಟಿಗೆ ಸಿಗಾಂಡಾ ಸ್ಪೇನಿನ ನಂಬರ್ ಒನ್, ಅದಕ್ಕೆ ನನ್ನ ತಕರಾರಿಲ್ಲ. ಒಟ್ಟು ವೃತ್ತಿಜೀವನ ಅಂದ್ರೆ ಮಾತ್ರ ನನ್ನ ಮತ ಮಾರ್ತಾಗೆ. ಹಿಂದೆ ಯಾರೂ ಇಲ್ಲದಾಗ ಹೋದವರು ಅವರು. ಸಿಗಾಂಡಾ ಹೋಗುವ ಹೊತ್ತಿಗೆ ರೆಕಾರಿ, ಮುನ್ಯೋಸ್ ಅಲ್ಲೇ ಇದ್ದರು.

ಹಸಿರುಹಾಸು
ನನ್ನ ಮತ ಬದಲಾಗಿಲ್ಲ. ಆದರೆ ಮಾರ್ತಾ ಅವರ 1982ರ ಆಟದ ಬಗ್ಗೆ ಬೇರೆ ಚರ್ಚೆಯೇ ಶುರು ಮಾಡಿ ಅಡ್ಡಗೋಡೆಯವರೇ. ಅದರ ಬಗ್ಗೆ ಕನ್ನಡದಲ್ಲಿ ಬರೆದಿದ್ದು ನಾನಂತೂ ಎಲ್ಲೂ ನೋಡಿಲ್ಲ.

ಅಡ್ಡಗೋಡೆ
ಭಾನುವಾರ ಬರೀತೀನಿ. ರೂಲ್‌ಬುಕ್‌ರಾಯರು ಬರಲಿ, ಆದರೆ ಗಡಿಯಾರ ತರಬಾರದು.